ಬೀದರಿನ ಕಾಲಡಿಯ ಕಾಲುವೆ

ಬೀದರ್ ನಗರದ ಹೊರವಲಯದ ನೌಬಾದಿನಲ್ಲಿ 15ನೇ ಶತಮಾನದ ಕಾಲುವೆಯೊಂದಿದೆ. ಸುಮಾರು ಮೂರು ಕಿಲೋಮೀಟರ್ ಉದ್ದದ ಈ ಕಾಲುವೆಗೆ ದಂಡೆಯಿಲ್ಲ, ತೂಬಿಲ್ಲ, ಆಚೆ ದಡಕ್ಕೆ ಹೋಗಲು ಕಾಲುಸೇತುವೆಯೂ ಇಲ್ಲ. ಅದು ಇರುವುದು ನೆಲದೊಳಗೆ, ಕೆಂಪು ಕಲ್ಲನ್ನು ಕೊರೆದು ಮಾಡಿದ ಸುರಂಗದಲ್ಲಿ. ಮೇಲೆ ರಸ್ತೆಗಳಿವೆ, ಹೊಲಗಳಿವೆ, ಮನೆಗಳಿವೆ. ಅಲ್ಲಲ್ಲಿ ಬಾವಿಯಂತೆ ಬಾಯ್ದೆರೆದ 21 ಕಂಡಿಗಳು ಮಾತ್ರ ಕೆಳಗೆ ನೀರಿನ ದಾರಿಯಿದೆ ಎಂಬುದಕ್ಕೆ ಗುರುತು. ಊರಿನವರು ಇದನ್ನು ಸುರಂಗ ಬಾವಿ ಎನ್ನುತ್ತಾರೆ. ಇತಿಹಾಸ ಬಲ್ಲವರು ಕರೇಜ್ ಎನ್ನುತ್ತಾರೆ.

ಹೊರಗೆ ಹರಿಯುವ ಕಾಲುವೆಗೂ ಇದಕ್ಕೂ ಮುಖ್ಯ ವ್ಯತ್ಯಾಸ ಸೇತುವೆಯದೇ. ಹಂಪಿಯ ತುರ್ತು ಕಾಲುವೆ ವಿಜಯನಗರದ ಅರಸರ ಕಾಲದ್ದು. ಇಂದಿಗೂ ಬಾಳೆ ತೋಟ, ಭತ್ತದ ಗದ್ದೆಗಳಿಗೆ ನೀರುಣಿಸುತ್ತಿದೆ. ಅದನ್ನು ದಾಟಬೇಕಾದರೆ ಎಲ್ಲಾದರೂ ಹಾಸುಗಲ್ಲಿನ ಮೇಲೋ ಸೇತುವೆಯ ಮೇಲೋ ಕಾಲಿಡಲೇಬೇಕು. ದಾಟುವವನಿಗೆ ನೀರು ಕಾಣುತ್ತದೆ, ಹೂಳು ತುಂಬಿದ್ದರೆ ಅದೂ ಕಾಣುತ್ತದೆ. ಬೀದರಿನ ಕರೇಜಿನ ಮೇಲಾದರೆ ಕಲ್ಲಿನ ಚಾವಣಿಯೇ ಸೇತುವೆ. ಮನ್ನಳ್ಳಿ, ಭಾಲ್ಕಿ, ಔರಾದ್ ಕಡೆಯಿಂದ ಸಂತೆಗೋ ಕಚೇರಿ ಕೆಲಸಕ್ಕೋ ಊರಿಗೆ ಬಂದವರು ನೌಬಾದಿನಲ್ಲೋ ಹಳೆಯ ಪೇಟೆಯಲ್ಲೋ ನಾಲ್ಕು ಹೆಜ್ಜೆ ಹಾಕಿದರೆ, ಕಾಲುವೆಯೊಂದನ್ನು ದಾಟಿದ್ದು ಅವರ ಅರಿವಿಗೇ ಬಾರದೆ ಹೋಗಬಹುದು. ದಾಟುವವರಿಗೇ ಗೊತ್ತಾಗದ ಕಾಲುವೆ ಊರಿನ ನೆನಪಿನಿಂದ ಜಾರಿಹೋದದ್ದರಲ್ಲಿ ಆಶ್ಚರ್ಯವೇನಿಲ್ಲ.

ಇಂಥ ಕಾಲುವೆ ಬೀದರಿನಲ್ಲಿ ಸಾಧ್ಯವಾದದ್ದು ಅಲ್ಲಿನ ಕಲ್ಲಿನಿಂದ. ನಗರ ಕೂತಿರುವುದು ಕೆಂಪು ಕಲ್ಲಿನ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 2,300 ಅಡಿ. ಕರಾವಳಿಯಲ್ಲಿ ಮುರಕಲ್ಲು, ಜಂಬಿಟ್ಟಿಗೆ ಎಂದು ಕರೆಯುವ ಕಲ್ಲೇ ಇದು, ಭೂವಿಜ್ಞಾನಿಗಳಿಗೆ ಲ್ಯಾಟರೈಟ್. ಕೇರಳದ ಅಂಗಾಡಿಪುರಂನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಆ ಹೆಸರು ಕೊಟ್ಟ. ಬೀದರಿನಲ್ಲಿ ಈ ಕಲ್ಲಿನ ಪದರ ಟೋಪಿಯಂತೆ ಮೇಲೆ ಕೂತಿದೆ, ಅದರ ಕೆಳಗೆ ದಖ್ಖನ್ನಿನ ಕರಿಬಂಡೆ. ಕೆಂಪು ಕಲ್ಲಿನ ಮೈಯೆಲ್ಲ ತೂತು, ಬಿರುಕು. ಮಳೆನೀರು ಸಲೀಸಾಗಿ ಇಳಿಯುತ್ತದೆ. ಎರಡು ಕಲ್ಲುಗಳ ನಡುವಿನ ಜೇಡಿಯನ್ನೋ ಅದರಡಿಯ ಕರಿಬಂಡೆಯನ್ನೋ ಮುಟ್ಟಿದಾಗ ಮುಂದೆ ಇಳಿಯಲು ದಾರಿಯಿಲ್ಲದೆ ಅಲ್ಲೇ ತಂಗುತ್ತದೆ, ಅಡ್ಡಡ್ಡವಾಗಿ ಸರಿಯುತ್ತದೆ. ಪ್ರಸ್ಥಭೂಮಿ ಕಡಿದುಹೋಗುವ ಅಂಚಿನಲ್ಲಿ ಆ ನೀರು ಝರಿಯಾಗಿ ಹೊರಬೀಳುತ್ತದೆ. ಪಾಪನಾಶ, ಗುರುನಾನಕ್ ಝೀರಾ, ನರಸಿಂಹ ಝರಣಿ ಎಂದು ಭಕ್ತರು ಕೈಮುಗಿಯುವ ತಾಣಗಳೆಲ್ಲ ನೀರು ಹೀಗೆ ಹೊರಗೆ ಬಂದ ಜಾಗಗಳೇ.

ಅದೇ ಕಲ್ಲಿಗೆ ಇನ್ನೊಂದು ಗುಣವಿದೆ. ನೆಲದಿಂದ ಆಗತಾನೆ ಎತ್ತಿದಾಗ ಅದು ಮೆತ್ತಗಿರುತ್ತದೆ, ಗುದ್ದಲಿ-ಪಿಕಾಸಿಗೆ ಬಗ್ಗುತ್ತದೆ. ಗಾಳಿ-ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಬೀದರಿನ ಕೋಟೆಗೋಡೆ ಶತಮಾನಗಳ ಕಾಲ ನಿಂತದ್ದರ ಹಿಂದೆ ಈ ಗುಣವಿದೆ. ಕೊರೆದ ಸುರಂಗದ ಚಾವಣಿ ಕುಸಿಯದೆ ಉಳಿಯುವುದಕ್ಕೂ ಅದೇ ಕಾರಣ. ಮರಳು ನೆಲದಲ್ಲಿ ತೋಡಿದ ಕಾಲುವೆಗೆ ಒಳಗೆ ಬಳೆಗಳ ಆಸರೆ ಬೇಕಾಗುತ್ತದೆ, ಇಲ್ಲಿ ಬಹುಪಾಲು ಕಡೆ ಕಲ್ಲು ತಾನೇ ತನ್ನ ಭಾರ ಹೊತ್ತಿದೆ.

ನೀರು ಇದ್ದರೂ ಅದನ್ನು ಬೇಕಾದ ಕಡೆ ತರುವುದು ಬೇರೆ ಸಂಗತಿ. ಮಾಂಜ್ರಾ ನದಿ ಪ್ರಸ್ಥಭೂಮಿಯ ಉತ್ತರಕ್ಕೆ, ಬಹಳ ಕೆಳಗೆ ಹರಿಯುತ್ತದೆ. ಪಂಪು ಇಲ್ಲದ ಕಾಲದಲ್ಲಿ ಅದರ ನೀರನ್ನು ಕೋಟೆಯ ಮಟ್ಟಕ್ಕೆ ಏರಿಸುವುದು ಆಗದ ಮಾತು. ಕಲ್ಲಿನ ನೆಲದಲ್ಲಿ ಓಣಿಗೊಂದು ಬಾವಿ ತೋಡುವುದೂ ಸುಲಭವಲ್ಲ, ತೋಡಿದರೂ ಹಗ್ಗ ಹಾಕಿ ಸೇದಬೇಕು. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸುರಿದು ಮುಗಿಯುವ ಈ ಸೀಮೆಯಲ್ಲಿ, ಕಲ್ಲು ಹೀರಿಟ್ಟುಕೊಂಡ ನೀರನ್ನು ವರ್ಷವಿಡೀ ಸ್ವಲ್ಪ ಸ್ವಲ್ಪವೇ ಇಳಿಜಾರಿನಲ್ಲಿ ಹರಿಸಿ ತರುವ ಉಪಾಯ ಬೇಕಾಗಿತ್ತು. ಆ ಉಪಾಯ ಬಂದದ್ದು ಪರ್ಷಿಯಾದಿಂದ.

ಬಹಮನಿ ಸುಲ್ತಾನ ಒಂದನೇ ಅಹ್ಮದ್ ಶಾಹ 1422ರಿಂದ 1436ರವರೆಗೆ ಆಳಿದ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು ಅವನೇ. ಕೋಟೆಯ ಕೆಲಸ 1432ರ ಹೊತ್ತಿಗೆ ಮುಗಿಯಿತೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಅಹ್ಮದ್ ಶಾಹನಿಗೆ ಇರಾನಿನ ಕಿರ್ಮಾನ್ ಸೀಮೆಯ ಸೂಫಿ ಶಾಹ್ ನಿಮತುಲ್ಲಾ ವಲಿಯಲ್ಲಿ ಅಪಾರ ಭಕ್ತಿ. ಆ ಸಂತನ ಮನೆತನದವರು ಬೀದರಿಗೆ ಬಂದು ನೆಲೆಸಿದರು. ಅವರಲ್ಲೊಬ್ಬರಾದ ಖಲೀಲುಲ್ಲಾ ಅವರ ಸಮಾಧಿ ಚೌಖಂಡಿ, ಅಷ್ಟೂರಿಗೆ ಹೋಗುವ ದಾರಿಯಲ್ಲಿ ಇಂದಿಗೂ ಇದೆ. ಕಿರ್ಮಾನ್ ಬಳಿಯ ಮಾಹಾನ್‌ನಲ್ಲಿ ನಿಮತುಲ್ಲಾ ಸಮಾಧಿಯ ಕಟ್ಟಡಕ್ಕೆ ಹಣ ಕೊಟ್ಟವನೂ ಅಹ್ಮದ್ ಶಾಹನೇ. ಎರಡು ಊರುಗಳ ನಡುವೆ ಸಂತರು, ಕವಿಗಳು, ವ್ಯಾಪಾರಿಗಳು, ಕಟ್ಟಡ ಬಲ್ಲವರು ಓಡಾಡಿದ ಕಾಲ ಅದು. ಕಿರ್ಮಾನ್ ಸೀಮೆ ನೆಲದಡಿಯ ಕಾಲುವೆಗಳಿಗೆ ಹೆಸರಾದದ್ದು. 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಇರಾನಿನ 11 ಕನಾತ್‌ಗಳಲ್ಲಿ ಕೆಲವು ಇದೇ ಕಿರ್ಮಾನ್ ಪ್ರಾಂತ್ಯದವು. ಇರಾನಿನಲ್ಲಿ ಕನಾತ್ ಎನ್ನುವುದನ್ನೇ ಅಫ್ಘಾನಿಸ್ತಾನ, ಬಲೂಚಿಸ್ತಾನಗಳಲ್ಲಿ ಕರೇಜ್ ಎನ್ನುತ್ತಾರೆ. ಬೀದರಿನಲ್ಲಿ ಉಳಿದಿರುವುದು ಈ ಎರಡನೆಯ ಹೆಸರು.

ಕರೇಜ್ ತೋಡುವ ಕೆಲಸ ಕೇಳಲು ಸರಳ, ಮಾಡಲು ಕಠಿಣ. ಮೊದಲು ಎತ್ತರದ ಜಾಗದಲ್ಲಿ ಒಂದು ಬಾವಿ ತೋಡಿ ಒಳಗೆ ಬತ್ತದ ನೀರಿದೆಯೇ ಎಂದು ನೋಡುತ್ತಾರೆ. ಇದಕ್ಕೆ ತಾಯಿಬಾವಿ ಎಂದು ಹೆಸರು. ನೀರು ಯಾವ ಮಟ್ಟದಲ್ಲಿದೆ, ಅದನ್ನು ಹೊರಬಿಡಬೇಕಾದ ಜಾಗ ಎಷ್ಟು ತಗ್ಗಿನಲ್ಲಿದೆ ಎಂಬ ಲೆಕ್ಕ ಹಾಕಿದ ಮೇಲೆ ಅಗೆತ ಶುರುವಾಗುವುದು ಕೆಳಗಿನ ತುದಿಯಿಂದ. ತಾಯಿಬಾವಿಯ ಕಡೆಯಿಂದ ಅಗೆದರೆ ಆಳುಗಳು ನೀರಿನಲ್ಲೇ ನಿಂತು ದುಡಿಯಬೇಕಾದೀತು. ಕೆಳಗಿನಿಂದ ಏರುತ್ತ ಹೋದರೆ ಜಿನುಗಿದ ನೀರು ಬೆನ್ನ ಹಿಂದೆ ಹರಿದುಹೋಗುತ್ತದೆ. ನಡುನಡುವೆ ಮೇಲಿನಿಂದ ನೇರ ಕಂಡಿಗಳನ್ನು ಇಳಿಸುತ್ತಾರೆ. ಅಗೆದ ಮಣ್ಣನ್ನು ಬುಟ್ಟಿಯಲ್ಲಿ ಮೇಲೆಳೆಯುವುದು, ಉಸಿರಾಡಲು ಗಾಳಿ ತರುವುದು, ಮುಂದೆ ಹೂಳೆತ್ತಲು ಇಳಿಯುವುದು, ಎಲ್ಲವೂ ಈ ಕಂಡಿಗಳ ಮೂಲಕವೇ.

ನೆಲದಡಿ ಕತ್ತಲಲ್ಲಿ ನೇರ ಹೋಗುವುದು ಹೇಗೆ? ಇರಾನಿನ ಕೆಲಸಗಾರರು ಎರಡು ದೀಪಗಳನ್ನು ಹಿಂದೆ ಮುಂದೆ ಇಟ್ಟು, ಒಂದರ ಜ್ವಾಲೆ ಇನ್ನೊಂದನ್ನು ಮರೆಮಾಡುವಂತೆ ನೋಡಿಕೊಂಡು ಸಾಲು ಹಿಡಿಯುತ್ತಿದ್ದರು. ದೀಪ ಮಂಕಾದರೆ ಗಾಳಿ ಕೆಟ್ಟಿದೆ ಎಂದರ್ಥ, ಕೂಡಲೇ ಹೊರಗೆ ಬರಬೇಕು. ಇಳಿಜಾರಿನ ಲೆಕ್ಕವಂತೂ ಇನ್ನೂ ಸೂಕ್ಷ್ಮ. ಸಾವಿರ ಅಡಿ ಉದ್ದಕ್ಕೆ ಒಂದು ಅಡಿಯಷ್ಟು ಇಳಿದರೆ ಸಾಕು. ಇಳಿಜಾರು ಹೆಚ್ಚಾದರೆ ನೀರು ತಳವನ್ನೇ ಕೊರೆದು ಗೋಡೆ ಕೆಡವುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಅಡಗಿದ ನೀರನ್ನು ಹೊರತರುವ ಬಗೆಯನ್ನೂ ಮಟ್ಟ ಅಳೆಯುವ ಸಲಕರಣೆಗಳನ್ನೂ ವಿವರಿಸಿ ಅಲ್ ಕರಜಿ ಎಂಬ ಪರ್ಷಿಯಾದ ಗಣಿತಜ್ಞ 11ನೇ ಶತಮಾನದ ಆರಂಭದಲ್ಲೇ ಗ್ರಂಥ ಬರೆದಿದ್ದ. ಬೀದರಿಗೆ ಕರೇಜ್ ಬರುವ ಹೊತ್ತಿಗೆ ಈ ವಿದ್ಯೆ ಬಹಳ ಹಳೆಯದಾಗಿತ್ತು, ಪಳಗಿತ್ತು.

ಬೀದರಿನಲ್ಲಿ ಇಂಥ ಮೂರು ವ್ಯವಸ್ಥೆಗಳನ್ನು ಗುರುತಿಸಲಾಗಿದೆ: ನೌಬಾದ್, ಶುಕ್ಲತೀರ್ಥ ಮತ್ತು ಜಮ್ನಾ ಮೋರಿ. ನೌಬಾದಿನದು ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು. ಉದ್ದದಲ್ಲಿ ದೊಡ್ಡದು ಶುಕ್ಲತೀರ್ಥ; ಅದರ ತಾಯಿಬಾವಿ ಸಿಕ್ಕಿದ್ದು ಗೋರನಳ್ಳಿ ಕೆರೆಯ ಬಳಿ, ಹಳೆಯ ಕಾಲದ ಏರಿಯ ಸಮೀಪದಲ್ಲಿ. ಕೆರೆಯ ಏರಿ ಮಳೆನೀರನ್ನು ತಡೆದು ನಿಲ್ಲಿಸುತ್ತದೆ, ನಿಂತ ನೀರು ಇಂಗುತ್ತದೆ, ಇಂಗಿದ ನೀರು ಸುರಂಗಕ್ಕೆ ಬರುತ್ತದೆ. ಪರ್ಷಿಯಾದ ಸುರಂಗಕ್ಕೆ ದಖ್ಖನ್ನಿನ ಕೆರೆ ಜೊತೆಯಾದದ್ದು ಇಲ್ಲಿನ ವಿಶೇಷ. ಹೊರಗಿನಿಂದ ಬಂದ ವಿದ್ಯೆಯನ್ನು ಊರಿನವರು ತಮಗೆ ಗೊತ್ತಿದ್ದ ಕೆಲಸಕ್ಕೆ ಹೊಂದಿಸಿಕೊಂಡರು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮೂರನೆಯದಾದ ಜಮ್ನಾ ಮೋರಿಯ ಸ್ವಭಾವ ಬೇರೆ. ಅದು ನೀರು ಹುಡುಕುವ ಕಾಲುವೆಗಿಂತ ನೀರು ಹಂಚುವ ಕಾಲುವೆ. ಕೋಟೆಗೋಡೆಯೊಳಗಿನ ಹಳೆಯ ಊರಿನಲ್ಲಿ ಅದರ ಕವಲುಗಳು ಓಣಿಗಳನ್ನು ಅಡ್ಡಹಾಯ್ದು ಹೋಗುತ್ತವೆ. ಬೀದರಿನ ಹಳೆಯ ಪೇಟೆ ದಟ್ಟವಾಗಿ ಕಟ್ಟಿದ್ದು: ನಾಲ್ಕು ದಾರಿ ಕೂಡುವಲ್ಲಿ ಚೌಬಾರಾ ಗೋಪುರ, ಅಲ್ಲಿಂದ ಕೋಟೆಯ ಕಡೆ ಹೊರಟರೆ ದಾರಿಯಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ, ಸುತ್ತ ಒಂದಕ್ಕೊಂದು ಅಂಟಿದ ಮನೆಗಳು. ಇಂಥ ಕಡೆ ನೀರಿನ ದಾರಿಯೂ ಜನರ ದಾರಿಯೂ ಪದೇ ಪದೇ ಸಂಧಿಸುತ್ತವೆ. ಸಂಧಿಸಿದಲ್ಲೆಲ್ಲ ನೀರು ಕೆಳಗೆ, ಜನ ಮೇಲೆ. ಬೀದರಿನಲ್ಲಿ ಕಾಲುವೆಯ ಮೇಲಿನ ಕಾಲುಸೇತುವೆ ಎಂದು ಏನನ್ನಾದರೂ ಕರೆಯುವುದಾದರೆ ಈ ಓಣಿಗಳ ನೆಲವನ್ನೇ ಕರೆಯಬೇಕು.

ಹಾಗೆಂದು ಕಣ್ಣಿಗೆ ಕಾಣುವ ಸೇತುವೆ ಬೀದರಿನಲ್ಲಿ ಇಲ್ಲವೆಂದಲ್ಲ. ಕೋಟೆಯ ಮುಂದೆ ಕಂದಕವಿದೆ. ಪ್ರಸ್ಥಭೂಮಿ ಕಡಿದಾಗಿ ಇಳಿಯುವ ಬದಿಗೆ ಕಂದಕದ ಅಗತ್ಯ ಅಷ್ಟಾಗಿರಲಿಲ್ಲ; ಸಮತಟ್ಟಾದ ಊರಿನ ಬದಿಯಲ್ಲಿ ಅಪಾಯ ಹೆಚ್ಚು. ಅಲ್ಲಿ ಕೆಂಪು ಕಲ್ಲನ್ನು ಕಡಿದು ಒಂದರ ಪಕ್ಕ ಒಂದರಂತೆ ಮೂರು ಕಂದಕಗಳನ್ನು ಮಾಡಿದರು, ನಡುವೆ ಬಂಡೆಯನ್ನೇ ಗೋಡೆಯಂತೆ ಉಳಿಸಿದರು. ಶತ್ರು ಒಂದು ಕಂದಕ ತುಂಬಿಸಿ ದಾಟಿದರೆ ಮುಂದೆ ಬಂಡೆ, ಅದನ್ನು ಹತ್ತಿ ಇಳಿದರೆ ಮತ್ತೆ ಕಂದಕ. ಇಂದು ಪ್ರವಾಸಿಗರು ಕೋಟೆಗೆ ಹೋಗುವಾಗ ಕಂದಕವನ್ನು ದಾಟಿಯೇ ಶರ್ಜಾ ದರ್ವಾಜಾ ಮುಟ್ಟುತ್ತಾರೆ. ಬಾಗಿಲ ಮೇಲಿನ ಎರಡು ಹುಲಿಗಳ ಕೆತ್ತನೆಯತ್ತ ಎಲ್ಲರ ಕಣ್ಣು ಹೋಗುತ್ತದೆ, ಕೆಳಗಿನ ಕಂದಕದತ್ತ ಬಗ್ಗಿ ನೋಡುವವರು ಕಡಿಮೆ. ನೋಡಿದರೆ ಕಂದಕದ ಗೋಡೆಯಲ್ಲಿ ಬೀದರಿನ ನೆಲದ ಸೀಳುನೋಟವೇ ಸಿಗುತ್ತದೆ: ಜೇನುಗೂಡಿನಂಥ ತೂತುಗಳ ತುಕ್ಕುಬಣ್ಣದ ಕಲ್ಲು. ನೌಬಾದಿನ ಸುರಂಗ ಹಾದುಹೋಗಿರುವುದು ಇದೇ ಜಾತಿಯ ಕಲ್ಲಿನಲ್ಲಿ.

ಕಂದಕಗಳಿದ್ದರೂ ಕೋಟೆ ಕೊನೆಯವರೆಗೆ ಉಳಿಯಲಿಲ್ಲ. 1657ರಲ್ಲಿ ಔರಂಗಜೇಬನ ಸೇನೆ ಮುತ್ತಿಗೆ ಹಾಕಿದಾಗ ಒಳಗಿನ ಮದ್ದಿನ ರಾಶಿಗೆ ಬೆಂಕಿ ಬಿದ್ದು ಕಿಲ್ಲೇದಾರ ಸಿದ್ದಿ ಮರ್ಜಾನ್ ತೀವ್ರವಾಗಿ ಗಾಯಗೊಂಡ, ಕೋಟೆ ಮೊಗಲರ ವಶವಾಯಿತು. ರಾಜಧಾನಿಯ ಸ್ಥಾನ ಹೋದ ಊರಿನಲ್ಲಿ ಕರೇಜ್‌ಗಳ ಹೂಳೆತ್ತಿಸುವ ದೊಡ್ಡ ಧಣಿಯೂ ಇಲ್ಲದಂತಾಯಿತು. ಕರೇಜ್‌ಗೆ ವರ್ಷವರ್ಷವೂ ಆರೈಕೆ ಬೇಕು. ಕಂಡಿಯಿಂದ ಜಾರಿದ ಮಣ್ಣು ಒಂದೆಡೆ ಗುಡ್ಡೆಯಾದರೂ ಹಿಂದಿನ ನೀರೆಲ್ಲ ನಿಲ್ಲುತ್ತದೆ.

ಸುರಂಗದ ನೀರು ಮೈಗೆ ಹೇಗೆ ತಾಗುತ್ತದೆ ಎಂದು ತಿಳಿಯಲು ನೌಬಾದಿಗಿಂತ ಮಂಗಲಪೇಟೆಯ ನರಸಿಂಹ ಝರಣಿಯೇ ಸರಿಯಾದ ಜಾಗ. ಅಲ್ಲಿ ದೇವರಿರುವುದು ಸುಮಾರು 300 ಮೀಟರ್ ಉದ್ದದ ಗುಹೆಯ ಕೊನೆಯಲ್ಲಿ, ಗುಹೆಯ ತುಂಬ ನೀರು. ಹೊರಗೆ ಬಟ್ಟೆ, ಚಪ್ಪಲಿ ಬಿಟ್ಟು ಇಳಿದ ಭಕ್ತರಿಗೆ ಮೊದಲು ಮೊಣಕಾಲು ಮುಳುಗುತ್ತದೆ, ಆಮೇಲೆ ಸೊಂಟ, ಮುಂದೆ ಎದೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿರುತ್ತಾರೆ. ತಲೆಯ ಮೇಲೆ ಬಾವಲಿಗಳು ತೂಗುತ್ತವೆ. ಗಾಳಿ ಸಾಲದೆಂದು ಯಂತ್ರದಿಂದ ಗಾಳಿ ಬಿಡುವ ವ್ಯವಸ್ಥೆ, ಬೆಳಕಿಗೆ ವಿದ್ಯುತ್ ದೀಪ. ಹಿರಣ್ಯಕಶಿಪುವನ್ನು ಕೊಂದ ಮೇಲೆ ನರಸಿಂಹ ಇಲ್ಲಿ ಜಲಾಸುರನೆಂಬ ರಾಕ್ಷಸನನ್ನು ಕೊಂದನೆಂದೂ, ಆ ರಾಕ್ಷಸನೇ ನೀರಾಗಿ ದೇವರ ಪಾದದಿಂದ ಹರಿಯುತ್ತಿದ್ದಾನೆಂದೂ ಸ್ಥಳಪುರಾಣ. ಗುರುನಾನಕ್ ಝೀರಾದ ಕಥೆಯೂ ನೀರಿನದೇ: ಕುಡಿಯುವ ನೀರಿಗೆ ಕಷ್ಟಪಡುತ್ತಿದ್ದ ಜನರಿಗಾಗಿ ಗುರುಗಳು ಕಾಲಿನಿಂದ ಕಲ್ಲು ಸರಿಸಿದಾಗ ಝರಿ ಚಿಮ್ಮಿತು ಎನ್ನುತ್ತಾರೆ. ಎರಡು ಕಥೆಗಳೂ ಬೀದರಿನ ನೆಲದ ಸತ್ಯವನ್ನೇ ಹೇಳುತ್ತವೆ. ಇಲ್ಲಿ ನೀರು ಆಕಾಶದಿಂದ ಬೀಳುವುದಕ್ಕಿಂತ ಕಲ್ಲಿನೊಳಗಿಂದ ಬರುವುದೇ ಜನರಿಗೆ ಹೆಚ್ಚು ಪವಾಡವಾಗಿ ಕಂಡಿದೆ.

ದಖ್ಖನ್ನಿನಲ್ಲಿ ಕರೇಜ್ ಬೀದರಿಗಷ್ಟೇ ಸೀಮಿತವಲ್ಲ. ವಿಜಯಪುರದಲ್ಲಿ ಆದಿಲ್‌ಶಾಹಿಗಳು ಊರಿಗೆ ನೀರು ತಂದದ್ದೂ ಹೀಗೆಯೇ; ಅಲ್ಲಿನ ಸುರಂಗ ಬಾವಡಿಯನ್ನು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2020ರ ತನ್ನ ಕಾಳಜಿಯ ಪಟ್ಟಿಗೆ ಸೇರಿಸಿತು. ಬುರ್ಹಾನ್‌ಪುರದ ಕುಂಡಿ ಭಂಡಾರಾ, ಔರಂಗಾಬಾದಿನಲ್ಲಿ ಮಲಿಕ್ ಅಂಬರ್ ಮಾಡಿಸಿದ ನಹರ್ 17ನೇ ಶತಮಾನದವು. ಕನ್ನಡ-ತುಳು ಮಾತಿನ ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಇನ್ನೊಂದು ಬಗೆಯಿದೆ. ಬಾಯಾರು, ಪಡ್ರೆ ಮುಂತಾದ ಕಡೆ ಕೃಷಿಕರು ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಆಳು ನಡೆಯುವಷ್ಟು ಅಗಲಕ್ಕೆ ಸುರಂಗ ಕೊರೆದು ಅಡಿಕೆ ತೋಟಕ್ಕೆ ನೀರು ಇಳಿಸಿಕೊಳ್ಳುತ್ತಾರೆ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟವಾಗಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಬೀದರಿನಲ್ಲೂ ಪಡ್ರೆಯಲ್ಲೂ ಕಲ್ಲು ಒಂದೇ. ಬೀದರಿನ ಕರೇಜ್ ಅರಸರ ಖಜಾನೆಯಿಂದ ಊರಿಗಾಗಿ ಆದದ್ದು, ಕಾಸರಗೋಡಿನ ಸುರಂಗ ಮನೆಯವರ ಬೆವರಿನಿಂದ ಮನೆಗಾಗಿ ಆದದ್ದು. ಬೀದರಿನದು ಮರೆತುಹೋಗಿ, ಕಾಸರಗೋಡಿನದು ಬಳಕೆಯಲ್ಲಿ ಉಳಿದುದಕ್ಕೆ ಈ ವ್ಯತ್ಯಾಸವೂ ಒಂದು ಕಾರಣವಿರಬೇಕು. ಮನೆಯ ಹಿಂದಿನ ಸುರಂಗದಲ್ಲಿ ನೀರು ಕಡಿಮೆಯಾದರೆ ಅಂದೇ ಗೊತ್ತಾಗುತ್ತದೆ.

ಬೀದರಿನ ಕರೇಜ್‌ಗಳು ಮತ್ತೆ ಸುದ್ದಿಗೆ ಬಂದದ್ದು 21ನೇ ಶತಮಾನದ ಎರಡನೇ ದಶಕದಲ್ಲಿ. ಕೇರಳದ ಭೂಗೋಳ ಅಧ್ಯಾಪಕ ವಳ್ಳಿಯಿಲ್ ಗೋವಿಂದನ್‌ಕುಟ್ಟಿ ನೌಬಾದ್ ಮತ್ತು ಶುಕ್ಲತೀರ್ಥದ ಸುರಂಗಗಳನ್ನು ಹುಡುಕಿ, ಒಳಗಿಳಿದು, ನಕ್ಷೆ ಮಾಡಿದರು. ಬೀದರಿನ ಟೀಮ್ ಯುವಾ ತಂಡದವರು ಜೊತೆಗೂಡಿದರು. ಇಂಥ ಹುಡುಕಾಟದಲ್ಲಿ ದಾಖಲೆಗಿಂತ ನೆಲವೇ ಹೆಚ್ಚು ಹೇಳುತ್ತದೆ. ಕೆಂಪು ಕಲ್ಲಿನ ಬಿರುಕುಗಳು ಉದ್ದಕ್ಕೆ ಗೆರೆ ಎಳೆದಂತೆ ಸಾಗುವ ಕಡೆ ನೀರು ಹೆಚ್ಚು, ಹಳೆಯವರು ಸುರಂಗ ತೋಡಿದ್ದೂ ಅಂಥ ಗೆರೆಗಳ ಗುಂಟವೇ ಎಂಬುದನ್ನು ಈ ಅಧ್ಯಯನ ತೋರಿಸಿತು. ಬೀದರಿನ ಐತಿಹಾಸಿಕ ನಗರ 2014ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ ಪಟ್ಟಿಗೆ ಸೇರಿತು. ಅದೇ ವರ್ಷ ದಖ್ಖನ್ ಸುಲ್ತಾನರ ಸ್ಮಾರಕಗಳು ಎಂಬ ಹೆಸರಿನಲ್ಲಿ ಕಲಬುರಗಿ, ವಿಜಯಪುರ, ಹೈದರಾಬಾದ್‌ಗಳ ಜೊತೆ ಬೀದರ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲೂ ಸ್ಥಾನ ಪಡೆಯಿತು.

ಮುಂದಿನ ವರ್ಷಗಳು ಬರದವು. 2016ರ ಏಪ್ರಿಲ್‌ನಲ್ಲಿ ನೆರೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ತರಬೇಕಾಯಿತು. ಅದೇ ಕಾಲದಲ್ಲಿ ಬೀದರಿನ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಜಿಲ್ಲೆಯ ಕೆರೆಗಳು, ಹಳೆಯ ಬಾವಿಗಳ ಜೊತೆ ನೌಬಾದಿನ ಕರೇಜ್‌ನ ಹೂಳನ್ನೂ ತೆಗೆಸಿದರು. ಕಂಡಿಗಳಿಂದ ಮಣ್ಣು, ಕಸ, ಬೇರು ಮೇಲೆ ಬಂತು. ಅನೇಕ ವರ್ಷ ಮುಚ್ಚಿಹೋಗಿದ್ದ ದಾರಿಯಲ್ಲಿ ಜನ ಓಡಾಡುವಂತಾಯಿತು.

ಹೂಳು ತೆಗೆದರೆ ಕೆಲಸ ಅರ್ಧ ಮುಗಿದಂತೆ. ಉಳಿದರ್ಧ ಇರುವುದು ನೆಲದ ಮೇಲೆ. ಹೊರಗಿನ ಕಾಲುವೆಯ ಪಕ್ಕ ಮನೆ ಕಟ್ಟುವವನಿಗೆ ಕಾಲುವೆ ಕಾಣುತ್ತದೆ. ಕರೇಜ್‌ನ ಮೇಲೆ ನಿವೇಶನ ಕೊಂಡವನಿಗೆ ಕಾಣುವುದು ಒಂದು ಹಾಳುಬಾವಿಯ ಬಾಯಿ. ಮಕ್ಕಳು ಬಿದ್ದಾರೆಂದು ಅದಕ್ಕೆ ಮಣ್ಣು ತುಂಬಿಸುವುದು ಅವನ ಮಟ್ಟಿಗೆ ಜಾಣತನವೇ. ಆದರೆ ಹಾಗೆ ತುಂಬಿದ ಒಂದೇ ಕಂಡಿ ಸುರಂಗದ ನಡುವೆ ಗೋಡೆಯಂತೆ ಕೂರುತ್ತದೆ. ಪಾಯಖಾನೆಯ ಗುಂಡಿ ತೋಡಿದರೆ ತೂತುಗಳ ಕಲ್ಲು ಮಳೆನೀರಿಗೆ ಬಿಟ್ಟ ದಾರಿಯನ್ನೇ ಕೊಳಕಿಗೂ ಬಿಡುತ್ತದೆ. ಬೋರ್‌ವೆಲ್‌ನದು ಬೇರೆಯೇ ಸಮಸ್ಯೆ. ಕರೇಜ್ ತುಂಬಿ ಹೊರಚೆಲ್ಲುವ ನೀರನ್ನು ಮಾತ್ರ ಒಯ್ಯುತ್ತದೆ, ನೀರಿನ ಮಟ್ಟ ಸುರಂಗದ ತಳಕ್ಕಿಂತ ಕೆಳಗೆ ಇಳಿದರೆ ತಾನಾಗಿ ನಿಲ್ಲುತ್ತದೆ. ಕೆಂಪು ಕಲ್ಲನ್ನು ದಾಟಿ ಕರಿಬಂಡೆಯ ಬಿರುಕಿಗೆ ಇಳಿದ ಕೊಳವೆಗೆ ಅಂಥ ಮಿತಿಯಿಲ್ಲ. ಮೇಲೆ ತಂಗಿದ್ದ ನೀರು ಅದರ ಬದಿಯಿಂದ ಕೆಳಗೆ ಸೋರಿಹೋಗಲೂಬಹುದು.

ಹೀಗಾಗಿ ಕರೇಜ್‌ನ ಕಾವಲು ಎಂದರೆ ಕಂಡಿಗಳ ಮತ್ತು ಇಂಗುವ ನೆಲದ ಕಾವಲು. ಕಂಡಿಗೆ ಕಟ್ಟೆ ಎತ್ತರಿಸಿ ಕಬ್ಬಿಣದ ಜಾಲರಿ ಹಾಕಿದರೆ ಗಾಳಿ ಆಡುತ್ತದೆ, ಮಗು ಬೀಳುವುದಿಲ್ಲ, ಕಸ ಹಾಕುವವನೂ ಹಿಂಜರಿಯುತ್ತಾನೆ. ಸುರಂಗದ ಸಾಲನ್ನು ನಗರ ಯೋಜನೆಯ ನಕ್ಷೆಯಲ್ಲಿ ಗುರುತು ಮಾಡಿದರೆ ಬಡಾವಣೆಗೆ ಅನುಮತಿ ಕೊಡುವವರಿಗೂ ಕೊಳ್ಳುವವರಿಗೂ ಕೆಳಗೇನಿದೆ ಎಂದು ಮೊದಲೇ ತಿಳಿಯುತ್ತದೆ. ಗೋರನಳ್ಳಿಯಂಥ ಕೆರೆಗಳಲ್ಲಿ ಮಳೆಗಾಲದ ನೀರು ನಿಲ್ಲುವಂತಿದ್ದರೆ ಬೇಸಿಗೆಯಲ್ಲೂ ಸುರಂಗ ಜಿನುಗುತ್ತದೆ. ಇವು ಯಾವುವೂ ದುಬಾರಿ ಕೆಲಸಗಳಲ್ಲ. ತುಸು ಕಷ್ಟವಿರುವುದು ಜಮ್ನಾ ಮೋರಿಯದು. ಅಲ್ಲಿ ನೀರಿನ ಕವಲುಗಳ ಮೇಲೆ ಜನ ವಾಸವಾಗಿರುವ ಹಳೆಯ ಊರೇ ಇದೆ, ಅಗೆದು ನೋಡಲು ಖಾಲಿ ಜಾಗ ಕಡಿಮೆ. ಓಣಿಗೆ ಹೊಸ ಒಳಚರಂಡಿ ಹಾಕಲೋ ಕೇಬಲ್ ಎಳೆಯಲೋ ನೆಲ ಅಗೆದಾಗಲೆಲ್ಲ ಕೆಳಗಿನ ಕಲ್ಲಿನ ಕಾಲುವೆ ಬಾಯ್ದೆರೆಯಬಹುದು. ಆ ಹೊತ್ತಿನಲ್ಲಿ ಅದನ್ನು ಅಳೆದು ಬರೆದಿಟ್ಟುಕೊಳ್ಳುವವರು ಒಬ್ಬರು ಗುತ್ತಿಗೆದಾರನ ಪಕ್ಕದಲ್ಲಿದ್ದರೆ ಮೂರನೆಯ ವ್ಯವಸ್ಥೆಯ ನಕ್ಷೆಯೂ ತುಂಡು ತುಂಡಾಗಿ ಸಿಗುತ್ತಾ ಹೋಗುತ್ತದೆ.